ಆರರೊಳಗಿಂದ ಮೂರು: ಪೋಕೆಮಾನ್ ರ‍್ಯಾಂಕ್ಡ್ ಸಿಂಗಲ್ಸ್‌ಗೆ ತಂಡ ಕಟ್ಟುವ ಬಗೆ

2022ರಲ್ಲಿ ಬಂದ ಪೋಕೆಮಾನ್ ಸ್ಕಾರ್ಲೆಟ್ ಮತ್ತು ವೈಲೆಟ್ ಆಟಗಳ ಕಥೆಯನ್ನು ಮುಗಿಸಿ, ಇತರ ಆಟಗಾರರೊಡನೆ ಶ್ರೇಯಾಂಕಕ್ಕಾಗಿ ಆನ್‌ಲೈನ್‌ನಲ್ಲಿ ಆಡುವ ರ‍್ಯಾಂಕ್ಡ್ ಬ್ಯಾಟಲ್‌ಗೆ ಇಳಿಯುವವರು ಮೊದಲು ಗಮನಿಸಬೇಕಾದದ್ದು, ಆರು ಪೋಕೆಮಾನ್‌ಗಳ ತಂಡವನ್ನು ಒಯ್ದರೂ ಸಿಂಗಲ್ಸ್ (ಒಂದಕ್ಕೊಂದು ಎದುರಾಗುವ) ಪಂದ್ಯದಲ್ಲಿ ಕಣಕ್ಕಿಳಿಯುವುದು ಮೂರು ಮಾತ್ರ ಎಂಬುದನ್ನು. ಎದುರಾಳಿಯ ಆರನ್ನೂ ನೋಡಿ, 90 ಸೆಕೆಂಡುಗಳೊಳಗೆ ಆ ಮೂರನ್ನು ಆರಿಸಬೇಕು. ಎಲ್ಲವೂ 50ನೆಯ ಲೆವೆಲ್‌ಗೆ ಸಮವಾಗುವುದರಿಂದ 100ರವರೆಗೆ ಬೆಳೆಸಿದ ಶ್ರಮಕ್ಕೆ ಇಲ್ಲಿ ಬೆಲೆಯಿಲ್ಲ. ಹಾಗಾಗಿ ಇಲ್ಲಿ ಬೇಕಾಗಿರುವುದು ಆರು ಬಲಶಾಲಿಗಳ ಗುಂಪಲ್ಲ, ಬೇರೆ ಬೇರೆ ಎದುರಾಳಿಗಳಿಗೆ ತಕ್ಕಂತೆ ಎರಡು ಮೂರು ಬಗೆಯ ತ್ರಿವಳಿಗಳು ಹೊರಡಬಲ್ಲ ಒಂದು ಆರು.

ಧಾರವಾಡದಲ್ಲಿ ಓದುತ್ತಿದ್ದಾಗ ನಾನು ಕಟ್ಟಿದ ಮೊದಲ ತಂಡದಲ್ಲಿ ಆರಕ್ಕೆ ಆರೂ ವೇಗದ ದಾಳಿಕೋರರೇ ಇದ್ದರು. ಎದುರಾಳಿಯೊಬ್ಬರು ಟ್ರಿಕ್ ರೂಮ್ ಎಂಬ ಮೂವ್ (ಪೋಕೆಮಾನ್ ಬಳಸುವ ವಿದ್ಯೆ) ಹಾಕಿದೊಡನೆ, ಹಾಕಿದ ಸರದಿಯೂ ಸೇರಿ ಐದು ಸರದಿಗಳ ಕಾಲ ನಿಧಾನದವರೇ ಮೊದಲು ಹೊಡೆಯುವ ಸ್ಥಿತಿ ಬಂದು, ನೆಚ್ಚಿಕೊಂಡ ವೇಗವೇ ನನಗೆ ಮುಳುವಾಯಿತು.

ತಂಡವನ್ನು ಒಂದರಿಂದಲ್ಲ, ಜೋಡಿಯಿಂದ ಆರಂಭಿಸುವುದು ಒಳ್ಳೆಯದು. ನಮ್ಮ ಕಡೆ ಎತ್ತು ಕೊಳ್ಳುವವರು ಮನೆಯಲ್ಲಿರುವ ಎತ್ತಿಗೆ ಜೋಡಿಯಾಗುತ್ತದೆಯೇ ಎಂದು ನೋಡುತ್ತಾರೆಯೇ ಹೊರತು ಸಂತೆಯಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದೆಂದು ಕೇಳುವುದಿಲ್ಲ. ಪೋಕೆಮಾನ್‌ಗೂ ದಾಳಿಗೂ ಟೈಪ್ (ಬಗೆ) ಎಂಬುದಿದ್ದು, ಯಾವ ಪೆಟ್ಟು ಎಷ್ಟು ತಾಗುತ್ತದೆ ಎಂಬುದು ಅದರ ಮೇಲೆ ನಿಂತಿದೆ. ಉದಾಹರಣೆಗೆ, ಡ್ರ್ಯಾಗನ್-ಗ್ರೌಂಡ್ ಟೈಪಿನ ಗಾರ್ಚಾಂಪ್ ಐಸ್ ದಾಳಿಗೆ ನಾಲ್ಕು ಪಟ್ಟು, ಡ್ರ್ಯಾಗನ್ ಮತ್ತು ಫೇರಿ ದಾಳಿಗಳಿಗೆ ಎರಡು ಪಟ್ಟು ಪೆಟ್ಟು ತಿನ್ನುತ್ತದೆ. ಸ್ಟೀಲ್-ಫ್ಲೈಯಿಂಗ್ ಟೈಪಿನ ಕಾರ್ವಿನೈಟ್‌ಗೆ ಡ್ರ್ಯಾಗನ್ ಮತ್ತು ಫೇರಿ ಅರ್ಧ ಮಾತ್ರ ತಾಗುತ್ತವೆ. ಅದಕ್ಕೆ ಭಯವಿರುವ ಎಲೆಕ್ಟ್ರಿಕ್ ದಾಳಿ ಗಾರ್ಚಾಂಪ್‌ಗೆ ತಾಗುವುದೇ ಇಲ್ಲ, ಫೈರ್ ಅರ್ಧವಾಗುತ್ತದೆ. ಉಳಿದ ಐಸ್ ದಾಳಿಗೆ ಅಡ್ಡ ನಿಲ್ಲಲು ರೋಟಮ್-ವಾಶ್ ಸೇರಿತೆಂದರೆ ತಂಡದ ಬೆನ್ನೆಲುಬು ಸಿದ್ಧವಾಗುತ್ತದೆ. ಗ್ರೌಂಡ್ ದಾಳಿ ತಾಗದಂತೆ ಮಾಡುವ ಲೆವಿಟೇಟ್ ಎಂಬ ಸಹಜಗುಣ ಇರುವುದರಿಂದ ರೋಟಮ್-ವಾಶ್‌ಗೆ ಇರುವ ಒಂದೇ ದೌರ್ಬಲ್ಯ ಗ್ರಾಸ್, ಅದನ್ನು ಕಾರ್ವಿನೈಟ್ ಕಾಲು ಭಾಗಕ್ಕೆ ಇಳಿಸುತ್ತದೆ. ಇಂತಹ ಬೆನ್ನೆಲುಬು ಇದ್ದಾಗ ಒಂದನ್ನು ಹಿಂದೆ ಕರೆದು ಮತ್ತೊಂದನ್ನು ಮುಂದೆ ಬಿಡುವುದೇ ಒಂದು ದಾಳಿಯಂತೆ ಕೆಲಸ ಮಾಡುತ್ತದೆ, ಏಕೆಂದರೆ ಎದುರಾಳಿಯ ಒಂದು ಸರದಿ ಪ್ರತಿಬಾರಿಯೂ ವ್ಯರ್ಥವಾಗುತ್ತದೆ.

ಉಳಿದ ಮೂರು ಸ್ಥಾನಗಳನ್ನು ತುಂಬುವಾಗ ಕೇಳಬೇಕಾದ ಪ್ರಶ್ನೆ ಪಂದ್ಯವನ್ನು ಮುಗಿಸುವವರು ಯಾರು ಎಂಬುದು. ಎದುರಾಳಿಗಿಂತ ಮೊದಲೇ ಹೊಡೆಯುವ ಸಕರ್ ಪಂಚ್ ದಾಳಿ ಇರುವ ಕಿಂಗ್ಯಾಂಬಿಟ್ ಇದಕ್ಕೆ ಯೋಗ್ಯವಾದದ್ದು. ಸುಪ್ರೀಮ್ ಓವರ್‌ಲಾರ್ಡ್ ಎಂಬ ಸಹಜಗುಣದಿಂದ, ಬಿದ್ದ ಪ್ರತಿ ಜೊತೆಗಾರನ ಲೆಕ್ಕಕ್ಕೆ ಅದರ ದಾಳಿಯ ಬಲ ಶೇ. 10ರಷ್ಟು ಹೆಚ್ಚುತ್ತದೆ. ಅದರ ಮೂಲವೇಗ 50 ಮಾತ್ರವಾದ್ದರಿಂದ ಟ್ರಿಕ್ ರೂಮ್ ಎದುರಾದರೆ ಅದರ ಲಾಭವನ್ನು ಅದೇ ಉಣ್ಣುತ್ತದೆ. ವೇಗಕ್ಕೆ ಅನೇಕರು ಡ್ರ್ಯಾಗಪಲ್ಟ್ ಹಾಕುತ್ತಾರೆ. ಆದರೆ ಆಗ ಎರಡು ಡ್ರ್ಯಾಗನ್‌ಗಳಾಗಿ ಫೇರಿಯ ಭಾರವೆಲ್ಲ ಕಾರ್ವಿನೈಟ್ ಒಂದರ ಮೇಲೆ ಬೀಳುವುದರಿಂದ, ಫೇರಿಯನ್ನು ತಡೆಯುವ ಫೈರ್ ಟೈಪಿನ ಸಿಂಡರೇಸ್ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ. ಆರನೆಯದಾಗಿ, ಸ್ವೋರ್ಡ್ಸ್ ಡ್ಯಾನ್ಸ್ ಮುಂತಾದವುಗಳಿಂದ ಬಲ ಹೆಚ್ಚಿಸಿಕೊಂಡು ಬರುವವರನ್ನು ಅನ್‌ಅವೇರ್ ಸಹಜಗುಣದ ಡೊಂಡೋಜೋ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹೀಗೆ ಅಂತಹವರು ಎದುರಿದ್ದರೆ ಡೊಂಡೋಜೋ, ಕಾರ್ವಿನೈಟ್, ಕಿಂಗ್ಯಾಂಬಿಟ್ ಹೊರಡುತ್ತವೆ. ಗೋಡೆಯಂತೆ ಕೂರುವ ತಂಡವಿದ್ದರೆ ರೋಟಮ್, ಗಾರ್ಚಾಂಪ್, ಸಿಂಡರೇಸ್.

ಇನ್ನು ಅಂಕಿಗಳು. ಒಂದು ಪೋಕೆಮಾನ್‌ಗೆ ಒಟ್ಟು 510 ಇವಿ (ತರಬೇತಿಯಿಂದ ಬರುವ ಅಂಕ), ವೇಗ, ದಾಳಿಯಂತಹ ಒಂದು ಗುಣಕ್ಕೆ ಹೆಚ್ಚೆಂದರೆ 252. ಐವಿ (ಹುಟ್ಟಿನಿಂದ ಬರುವ ಅಂಕ) ಗರಿಷ್ಠವಾದ 31 ಇರುವಾಗ 50ನೆಯ ಲೆವೆಲ್‌ನಲ್ಲಿ ಮೊದಲ 4 ಇವಿಗೆ ಒಂದು ಅಂಕ, ಆಮೇಲೆ ಪ್ರತಿ 8ಕ್ಕೆ ಒಂದು. ನೇಚರ್ ಒಂದು ಗುಣವನ್ನು ಶೇ. 10 ಏರಿಸಿ ಇನ್ನೊಂದನ್ನು ಅಷ್ಟೇ ಇಳಿಸುತ್ತದೆ. ಈ ಇವಿಗಳನ್ನು ಕಣ್ಣುಮುಚ್ಚಿ ಸುರಿಯದೆ, ಯಾರನ್ನು ಹಿಂದಿಕ್ಕಬೇಕು ಎಂಬುದನ್ನು ಮೊದಲು ನಿಶ್ಚಯಿಸಬೇಕು. ಮೂಲವೇಗ 102 ಇರುವ ಗಾರ್ಚಾಂಪ್‌ಗೆ 252 ಇವಿ ಮತ್ತು ವೇಗ ಹೆಚ್ಚಿಸುವ ಜಾಲಿ ನೇಚರ್ ಕೊಟ್ಟರೆ ವೇಗ 169 ಆಗುತ್ತದೆ. ದಾಳಿ ಹೆಚ್ಚಿಸುವ ಅಡಮೆಂಟ್ ನೇಚರ್ ಕೊಟ್ಟರೆ 154. ಆದರೆ ವೇಗವನ್ನು ಒಂದೂವರೆ ಪಟ್ಟು ಮಾಡುವ ಚಾಯ್ಸ್ ಸ್ಕಾರ್ಫ್ ತೊಡಿಸಿದರೆ ಆ 154 ಕೂಡ 231 ಆಗಿ, 213ರವರೆಗೆ ಮುಟ್ಟುವ ಡ್ರ್ಯಾಗಪಲ್ಟನ್ನೂ ದಾಟುತ್ತದೆ. ಅಂದರೆ ಸ್ಕಾರ್ಫ್ ಇದ್ದಾಗ ಡ್ರ್ಯಾಗಪಲ್ಟ್‌ನ ಸಲುವಾಗಿ ಜಾಲಿ ಹಾಕುವುದು ದಾಳಿಯ ಬಲವನ್ನು ಸುಮ್ಮನೆ ಕಳೆದುಕೊಂಡಂತೆ. ಒಮ್ಮೆ ಆರಿಸಿದ ಮೂವ್‌ನಲ್ಲೇ ಸಿಕ್ಕಿಕೊಳ್ಳುವುದು ಸ್ಕಾರ್ಫ್‌ಗೆ ತೆರಬೇಕಾದ ಬೆಲೆ.

ಒಂದೇ ಐಟಂ (ಪೋಕೆಮಾನ್ ಹಿಡಿದಿರುವ ವಸ್ತು) ಇಬ್ಬರಿಗೆ ಕೊಡುವಂತಿಲ್ಲವಾದ್ದರಿಂದ ಪ್ರತಿ ಸರದಿಗೂ ಸ್ವಲ್ಪ ಚೇತರಿಕೆ ಕೊಡುವ ಲೆಫ್ಟ್‌ಓವರ್ಸ್ ಕಾರ್ವಿನೈಟ್‌ಗೋ ಡೊಂಡೋಜೋಗೋ ಎಂಬ ಜಗಳವನ್ನು ಮೊದಲೇ ತೀರಿಸಿಕೊಳ್ಳಿ. ನಾನು ಕಾರ್ವಿನೈಟ್‌ಗೆ ಕೊಡುತ್ತೇನೆ. ಪಂದ್ಯಕ್ಕೊಮ್ಮೆ, ಒಂದೇ ಪೋಕೆಮಾನ್‌ಗೆ ಸಿಗುವ ಟೆರಾ ಎಂಬ ಟೈಪ್ ಬದಲಾವಣೆಯನ್ನು ದೌರ್ಬಲ್ಯ ಮುಚ್ಚಲು ಬಳಸುವುದು ಲೇಸು: ಫೈಟಿಂಗ್‌ಗೆ ನಾಲ್ಕು ಪಟ್ಟು ಸೋಲುವ ಕಿಂಗ್ಯಾಂಬಿಟ್ ಟೆರಾ ಘೋಸ್ಟ್ ಆದರೆ ಆ ದಾಳಿ ತಾಗುವುದೇ ಇಲ್ಲ.

ಆಟದೊಳಗೆ ಒಂದು ಗುಣಕ್ಕೆ 252 ಇವಿ ತುಂಬಲು, ತಲಾ 10 ಇವಿ ಕೊಡುವ, ಆಟದ ಹಣದಲ್ಲಿ 10,000 ಬೆಲೆಯ ವಿಟಮಿನ್‌ಗಳು 26 ಬೇಕು. ಎರಡು ಗುಣಗಳಿಗೆ 5,20,000. ಆದ್ದರಿಂದ ಖರ್ಚಿಗೆ ಮುಂಚೆ ತಂಡವನ್ನು ಪೋಕೆಮಾನ್ ಶೋಡೌನ್ ಎಂಬ ಪಂದ್ಯದ ತಾಣದಲ್ಲಿ ಪರೀಕ್ಷಿಸಿ. ಅದು ಉಚಿತ, ಬ್ರೌಸರ್‌ನಲ್ಲೇ ನಡೆಯುತ್ತದೆ, ಮೂರು-ಮೂರರ ಸಿಂಗಲ್ಸ್ ಕೂಡ ಅಲ್ಲಿದೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ಹೋಗುವಷ್ಟರಲ್ಲಿ ಮೊಬೈಲಿನಲ್ಲಿ ಎರಡು ಮೂರು ಪಂದ್ಯಗಳಾಗುತ್ತವೆ, ನಡುವೆ ನೆಟ್‌ವರ್ಕ್ ಕೈಕೊಡದಿದ್ದರೆ.

ಸೋತ ಪ್ರತಿ ಪಂದ್ಯದ ನಂತರ ಯಾವ ಮೂರನ್ನು ಇಳಿಸಿದಿರಿ, ಯಾವ ಸರದಿಯಲ್ಲಿ ಪಂದ್ಯ ತಪ್ಪಿತು ಎಂಬುದನ್ನು ಒಂದು ಸಾಲಿನಲ್ಲಿ ಬರೆದಿಡಿ. ಇಪ್ಪತ್ತು ಪಂದ್ಯಗಳಲ್ಲಿ ಒಮ್ಮೆಯೂ ಆಯ್ಕೆಯಾಗದ ಪೋಕೆಮಾನ್ ಎಷ್ಟೇ ಪ್ರೀತಿಯದಾದರೂ ಹೊರಹೋಗಬೇಕು. ಒಂದು ಬಾರಿಗೆ ಒಂದನ್ನು ಮಾತ್ರ ಬದಲಿಸಿ. ಎರಡನ್ನು ಬದಲಿಸಿದರೆ ಗೆಲುವು ಯಾವುದರಿಂದ ಬಂತೆಂದು ತಿಳಿಯುವುದಿಲ್ಲ. ಯಾವ ಪೋಕೆಮಾನ್‌ಗಳಿಗೆ ಅನುಮತಿ ಇದೆ ಎಂಬ ನಿಯಮ ಆಗಾಗ ಬದಲಾಗುವುದರಿಂದ, ವಿಟಮಿನ್ ಕೊಳ್ಳುವ ಮುನ್ನ ಆ ಪಟ್ಟಿಯನ್ನೂ ಒಮ್ಮೆ ನೋಡಿಕೊಳ್ಳಿ.