ರೋಗದ ಹೆಸರು ಮೊದಲ ಕ್ಲೇಮಿನಲ್ಲಿ ಬೇಡ: ವೈದ್ಯಕೀಯ ಎಐಗೆ ಪೇಟೆಂಟ್ ಅರ್ಜಿ ಬರೆಯುವಾಗಿನ ನನ್ನ ಅನುಭವ

ಹುಬ್ಬಳ್ಳಿ-ಧಾರವಾಡದಲ್ಲಿ ಒಂದು ಕಡೆ ವೈದ್ಯಕೀಯ ಕಾಲೇಜುಗಳಿವೆ, ಇನ್ನೊಂದು ಕಡೆ ಐಐಟಿ, ಐಐಐಟಿ, ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ. ಡಾಕ್ಟರು, ಎಂಜಿನಿಯರು ಕೂಡಿ ಕಟ್ಟಿದ ಮಾಡೆಲ್ ಹಿಡಿದುಕೊಂಡು ಬಂದವರು ಮೊದಲು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: “ನಮ್ಮ ಸಾಫ್ಟ್‌ವೇರ್ ಕಣ್ಣಿನ ಫೋಟೋ ನೋಡಿ ಸಕ್ಕರಿ ಕಾಯಿಲಿಯಿಂದ ಪರದೆ ಕೆಟ್ಟದ್ದು ಹಿಡಿತದ್ರಿ ಸರ್, ಇದಕ್ಕ ಪೇಟೆಂಟ್ ಸಿಗತೈತೇನ್ರಿ?”

ಅವರು ಹೇಳಿದ ಹಾಗೆಯೇ ಬರೆದರೆ ಸಿಗುವುದಿಲ್ಲ. 1970ರ ಪೇಟೆಂಟ್ ಕಾಯ್ದೆಯ ಎರಡು ಉಪಕಲಂಗಳು ಅಡ್ಡ ಬರುತ್ತವೆ. ಮನುಷ್ಯರ ರೋಗ ಪತ್ತೆ ಮಾಡುವ ಪ್ರಕ್ರಿಯೆಗೆ ಪೇಟೆಂಟ್ ಇಲ್ಲ ಎನ್ನುತ್ತದೆ ಕಲಂ 3(ಐ). ಗಣಿತದ ವಿಧಾನ, ಅಲ್ಗಾರಿದಮ್, ಬರೀ ಕಂಪ್ಯೂಟರ್ ಪ್ರೋಗ್ರಾಮ್ ಇವಕ್ಕೂ ಇಲ್ಲ ಎನ್ನುತ್ತದೆ 3(ಕೆ). “ಫಂಡಸ್ (ಕಣ್ಣಿನ ಹಿಂಭಾಗದ ಒಳಪದರ) ಚಿತ್ರ ಪಡೆದು, ನ್ಯೂರಲ್ ನೆಟ್‌ವರ್ಕ್‌ಗೆ ಕೊಟ್ಟು, ಡಯಾಬಿಟಿಕ್ ರೆಟಿನೋಪಥಿ (ಸಕ್ಕರೆ ಕಾಯಿಲೆಯಿಂದ ಕೆಡುವ ಕಣ್ಣಿನ ಪರದೆ) ಇದೆಯೇ ಎಂದು ಹೇಳುವ ವಿಧಾನ” ಎಂಬ ಕ್ಲೇಮ್, ಅಂದರೆ ಯಾವುದಕ್ಕೆ ಹಕ್ಕು ಬೇಕೆಂದು ಹೇಳುವ ಅರ್ಜಿಯ ವಾಕ್ಯ, ಎರಡಕ್ಕೂ ಒಟ್ಟಿಗೇ ಸಿಕ್ಕಿಕೊಳ್ಳುತ್ತದೆ.

3(ಐ) ಅಡ್ಡಿಪಡಿಸುವುದು ಪ್ರಕ್ರಿಯೆಯನ್ನು, ಸಾಧನವನ್ನಲ್ಲ. ಹಾಗೆಂದು ಅದೇ ವಿಧಾನಕ್ಕೆ “ಪ್ರೊಸೆಸರ್ ಮತ್ತು ಮೆಮೊರಿ ಇರುವ ವ್ಯವಸ್ಥೆ” ಎಂಬ ಅಂಗಿ ತೊಡಿಸಿದರೆ ಎಕ್ಸಾಮಿನರ್ (ಅರ್ಜಿ ಪರಿಶೀಲಿಸುವ ಪೇಟೆಂಟ್ ಕಚೇರಿಯ ಅಧಿಕಾರಿ) ಅದನ್ನು ಕಳಚಿ 3(ಕೆ) ಆಕ್ಷೇಪಣೆ ಎತ್ತುತ್ತಾರೆ. ಅವರ ಆಕ್ಷೇಪಣೆ ನ್ಯಾಯವಾದದ್ದೇ. ಆದ್ದರಿಂದ ತಂಡದವರಿಗೆ ನಾನು ಮೊದಲು ಕೇಳುವುದು ಮಾಡೆಲ್ಲಿನ ಬಗ್ಗೆ ಅಲ್ಲ. ಕ್ಯಾಮೆರಾ, ಸೆನ್ಸರ್, ಸಿಗ್ನಲ್ಲಿನ ಬಗ್ಗೆ. ರೋಣ ಅಥವಾ ಬ್ಯಾಡಗಿಯ ಆರೋಗ್ಯ ಕೇಂದ್ರದಲ್ಲಿ, ಪಾಪೆ ಹಿಗ್ಗಿಸುವ ಹನಿ ಹಾಕದೆ, ಕೈಯಲ್ಲಿ ಹಿಡಿದ ಕ್ಯಾಮೆರಾದಿಂದ ಫೋಟೋ ತೆಗೆದಾಗ ಏನು ಕೆಡುತ್ತದೆ? ಪಾಪೆ ಸಣ್ಣದಿರುತ್ತದೆ, ಕೈ ಅಲುಗುತ್ತದೆ, ಕಾರ್ನಿಯಾದಿಂದ ಫ್ಲ್ಯಾಶ್ ಹಿಂದಕ್ಕೆ ಹೊಳೆಯುತ್ತದೆ. ಮೊದಲ ಫ್ಲ್ಯಾಶಿಗೆ ಪಾಪೆ ಇನ್ನಷ್ಟು ಕುಗ್ಗುವುದರಿಂದ ಎರಡನೆಯ ಫೋಟೋ ಮೊದಲಿನದಕ್ಕಿಂತ ಕೆಟ್ಟದಾಗುತ್ತದೆ. ತಂಡ ಇದನ್ನು ಯಾವುದಾದರೂ ದಾರಿಯಿಂದ ಬಗೆಹರಿಸಿದ್ದರೆ, ಪೇಟೆಂಟಿನ ವಿಷಯ ಅಲ್ಲಿದೆ.

ಇಂಥ ಕೆಲಸಕ್ಕೆ ನಾನು ಬರೆಯುವ ಮೊದಲ ಕ್ಲೇಮ್ ಹೀಗಿರುತ್ತದೆ: ಇಮೇಜ್ ಸೆನ್ಸರ್, ಇನ್‌ಫ್ರಾರೆಡ್ ಎಲ್‌ಇಡಿ, ಬಿಳಿ ಫ್ಲ್ಯಾಶ್, ಫ್ಲ್ಯಾಶ್ ನಡೆಸುವ ಡ್ರೈವರ್ ಸರ್ಕ್ಯೂಟ್, ಪ್ರೊಸೆಸರ್ ಇರುವ ಒಂದು ಚಿತ್ರಗ್ರಹಣ ಸಾಧನ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನ ಪ್ರಿವ್ಯೂ ಫ್ರೇಮಿನಲ್ಲಿ ನೆಟ್‌ವರ್ಕ್ ಪಾಪೆಯ ಅಂಚನ್ನೂ ಪ್ರತಿಫಲನದ ಜಾಗವನ್ನೂ ಗುರುತಿಸುತ್ತದೆ. ಆ ಫಲಿತಾಂಶದ ಮೇಲೆ ಡ್ರೈವರ್ ಫ್ಲ್ಯಾಶಿನ ತೀವ್ರತೆಯನ್ನೂ ಕ್ಷಣವನ್ನೂ ಬದಲಿಸುತ್ತದೆ. ಹೀಗೆ ಸಿಕ್ಕ ಫ್ರೇಮ್ ಮಾತ್ರ ಮುಂದಿನ ಹಂತಕ್ಕೆ ಹೋಗುತ್ತದೆ. ನೆಟ್‌ವರ್ಕಿನ ಉತ್ತರ ಪರದೆಯ ಮೇಲಿನ ಅಕ್ಷರವಾಗಿ ನಿಲ್ಲದೆ ಯಂತ್ರದ ಮುಂದಿನ ನಡೆಯನ್ನು ಬದಲಿಸಬೇಕು. ಈ ಕ್ಲೇಮಿನಲ್ಲಿ ರೋಗದ ಹೆಸರೇ ಇಲ್ಲ. ಅದು ಕ್ಲೇಮುಗಳ ಜೊತೆ ಕೊಡುವ ಆವಿಷ್ಕಾರದ ವಿವರಣೆಯಲ್ಲಿ ಉಪಯೋಗದ ಉದಾಹರಣೆಯಾಗಿ ಬಂದರೆ ಸಾಕು.

ಎರಡನೆಯ ಕ್ಲೇಮು ಆ ಸಾಧನ ನಡೆಸುವ ವಿಧಾನಕ್ಕೆ. ಅದು ಕೊನೆಗೊಳ್ಳಬೇಕಾದದ್ದು ಬಳಸಲು ಯೋಗ್ಯವಾದ ಚಿತ್ರದಲ್ಲಿ, ರೋಗನಿರ್ಣಯದಲ್ಲಲ್ಲ. ಮದ್ರಾಸ್ ಹೈಕೋರ್ಟ್ 2023ರ ಅಕ್ಟೋಬರಿನಲ್ಲಿ ಚೈನೀಸ್ ಯೂನಿವರ್ಸಿಟಿ ಆಫ್ ಹಾಂಗ್‌ಕಾಂಗ್ ಮತ್ತು ಸೀಕ್ವೆನಮ್ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು ಇಲ್ಲಿ ಓದಿಕೊಂಡಿರಲೇಬೇಕು. ದೇಹದ ಮೇಲೆ ಮಾಡುವ ಪರೀಕ್ಷೆಗಷ್ಟೇ 3(ಐ) ಸೀಮಿತವಲ್ಲ, ಪ್ರಯೋಗಾಲಯದಲ್ಲಿ ಮಾದರಿ ತೆಗೆದುಕೊಂಡು ಮಾಡುವ ಪರೀಕ್ಷೆಗೂ ಅದು ತಾಗುತ್ತದೆ ಎಂದಿತು ಕೋರ್ಟು. ಆದರೆ ಆ ಪ್ರಕ್ರಿಯೆ ಚಿಕಿತ್ಸೆಗೆ ಬೇಕಾದ ರೋಗವನ್ನು ತಾನೇ ಬಯಲಿಗೆಳೆಯುವಂತಿರಬೇಕು. ತಾಯಿಯ ಮಾದರಿಯಲ್ಲಿ ಭ್ರೂಣದ ಡಿಎನ್‌ಎ ಪಾಲನ್ನು ಅಳೆಯುವುದು ಆ ಮಟ್ಟ ಮುಟ್ಟುವುದಿಲ್ಲ ಎಂದೂ ಹೇಳಿತು. ಕರ್ನಾಟಕದ ಅರ್ಜಿಗಳು ಚೆನ್ನೈ ಪೇಟೆಂಟ್ ಕಚೇರಿಗೇ ಹೋಗುವುದರಿಂದ ನಮಗೆ ಈ ತೀರ್ಪಿನ ತೂಕ ಹೆಚ್ಚು.

3(ಕೆ) ವಿಷಯದಲ್ಲಿ ಹಾರ್ಡ್‌ವೇರ್ ಹೊಸದೇ ಆಗಿರಬೇಕು ಎಂಬ ಪೇಟೆಂಟ್ ಕಚೇರಿಯ 2016ರ ಮಾರ್ಗಸೂಚಿಯ ಷರತ್ತು 2017ರಲ್ಲಿ ಬಿದ್ದುಹೋಗಿದೆ. ತಾಂತ್ರಿಕ ಪರಿಣಾಮ ಇದ್ದರೆ ಕಂಪ್ಯೂಟರ್ ಆಧಾರಿತ ಆವಿಷ್ಕಾರವನ್ನು ತಳ್ಳಿಹಾಕಬಾರದು ಎಂದು ದೆಹಲಿ ಹೈಕೋರ್ಟ್ 2019ರ ಡಿಸೆಂಬರಿನ ಫೆರಿದ್ ಅಲಾನಿ ತೀರ್ಪಿನಲ್ಲಿ ಹೇಳಿದೆ. ಆ ಪರಿಣಾಮವನ್ನು ಮಾತಿನಲ್ಲಿ ಹೇಳಿದರೆ ಸಾಲದು, ಅಳೆದು ತೋರಿಸಬೇಕು. ತಂಡಗಳು ಎಡವುವುದು ಇಲ್ಲೇ. ಡಾಕ್ಟರರಿಗೆ ಸೆನ್ಸಿಟಿವಿಟಿ (ರೋಗ ಇದ್ದವರಲ್ಲಿ ಎಷ್ಟು ಮಂದಿಯನ್ನು ಹಿಡಿಯಿತು), ಸ್ಪೆಸಿಫಿಸಿಟಿ (ಇಲ್ಲದವರಲ್ಲಿ ಎಷ್ಟು ಮಂದಿಗೆ ಇಲ್ಲ ಎಂದಿತು) ಮುಖ್ಯ, ಅವನ್ನೇ ಕೋಷ್ಟಕ ಮಾಡಿ ತರುತ್ತಾರೆ. ಎಕ್ಸಾಮಿನರ್ ಕಣ್ಣಿಗೆ ಅದು ಉತ್ತಮಗೊಂಡ ಲೆಕ್ಕ ಅಷ್ಟೇ. ನಾನು ಕೇಳುವ ಕೋಷ್ಟಕ ಬೇರೆ: ಅದೇ ಸಾಧನ, ಅದೇ ಕಣ್ಣುಗಳು, ನಮ್ಮ ಹಂತ ಇದ್ದಾಗ ಮತ್ತು ತೆಗೆದಾಗ ಮೊದಲ ಒಳ್ಳೆಯ ಚಿತ್ರ ಸಿಗಲು ಹಿಡಿದ ಸೆಕೆಂಡು, ಬಿಸಾಡಿದ ಫ್ರೇಮುಗಳ ಪಾಲು, ಗರಿಷ್ಠ ಮೆಮೊರಿ ಎಷ್ಟು ಎಂಬಿ, ಒಂದು ಚಾರ್ಜಿಗೆ ಎಷ್ಟು ರೋಗಿಗಳು. ಸೆನ್ಸಿಟಿವಿಟಿಯ ಕೋಷ್ಟಕ ಬಿಸಾಡಬೇಡಿ, ಆವಿಷ್ಕಾರದ ಹಂತವನ್ನು (ಇದು ತಜ್ಞರಿಗೆ ಸುಲಭವಾಗಿ ಹೊಳೆಯುವಂಥದ್ದಲ್ಲ ಎಂಬುದನ್ನು) ಸಮರ್ಥಿಸಲು ಬೇಕಾಗುತ್ತದೆ.

ಇವೆಲ್ಲ ಅರ್ಜಿ ಸಲ್ಲಿಸುವ ದಿನವೇ ಒಳಗಿರಬೇಕು. ಕಲಂ 59 ಬಹಳ ಬಿಗಿ: ತಿದ್ದಿದ ಕ್ಲೇಮು ಮೊದಲಿದ್ದ ಯಾವುದಾದರೊಂದು ಕ್ಲೇಮಿನ ವ್ಯಾಪ್ತಿಯೊಳಗೇ ಇರಬೇಕು. ಬರೀ ವಿಧಾನದ ಕ್ಲೇಮುಗಳನ್ನು ಹಾಕಿ, 3(ಐ) ಆಕ್ಷೇಪಣೆ ಬಂದ ಮೇಲೆ ಸಾಧನದ ಕ್ಲೇಮಿಗೆ ಹಾರುತ್ತೇನೆಂದರೆ, ವಿವರಣೆಯಲ್ಲಿ ಸಾಧನ ಎಷ್ಟೇ ಚೆನ್ನಾಗಿದ್ದರೂ ಆಗುವುದು ಕಷ್ಟ.

ವಿವರಣೆಯಲ್ಲಿ “ಒಂದು ಸಿಎನ್‌ಎನ್ (ಚಿತ್ರ ಓದುವ ಒಂದು ಬಗೆಯ ನ್ಯೂರಲ್ ನೆಟ್‌ವರ್ಕ್) ಬಳಸಲಾಗಿದೆ” ಎಂಬ ಒಂದೇ ಸಾಲು, ಆವಿಷ್ಕಾರವನ್ನು ಪೂರ್ತಿ ವಿವರಿಸಬೇಕೆನ್ನುವ ಕಲಂ 10(4)ಕ್ಕೆ ಸಾಲದು. ಇನ್‌ಪುಟ್ ಗಾತ್ರ, ಪದರಗಳ ಕ್ರಮ, ಲಾಸ್ ಫಂಕ್ಷನ್, ಲರ್ನಿಂಗ್ ರೇಟ್, ಲೇಬಲ್ ಕೊಟ್ಟವರ ಅರ್ಹತೆ, ಇಬ್ಬರು ವೈದ್ಯರ ಅಭಿಪ್ರಾಯ ಬೇರೆಯಾದಾಗ ತೀರ್ಮಾನಿಸಿದ ಬಗೆ, ಎಲ್ಲವನ್ನೂ ಬರೆಸುತ್ತೇನೆ. ಡೇಟಾವನ್ನು ಚಿತ್ರವಾರು ಅಲ್ಲ, ರೋಗಿವಾರು ವಿಂಗಡಿಸಿದ್ದಾರೆಯೇ ಎಂದು ತಪ್ಪದೆ ಕೇಳುತ್ತೇನೆ. ಒಬ್ಬರ ಎಡಗಣ್ಣು ತರಬೇತಿಯಲ್ಲಿ, ಬಲಗಣ್ಣು ಪರೀಕ್ಷೆಯಲ್ಲಿ ಇದ್ದರೆ ಆ ಅಂಕಿಗಳನ್ನು ನಂಬಲಾಗದು, ಮತ್ತು ಪೇಟೆಂಟ್ ಸಿಕ್ಕ ಮೇಲೂ ಎದುರಾಳಿ ಅದೇ ದಾರಿಯಿಂದ ಬರುತ್ತಾನೆ.

ಕಡತ ತೆರೆಯುವ ಮುನ್ನ ವಿಚಾರಿಸಬೇಕಾದ ಇನ್ನೊಂದು ಸಂಗತಿ, ಎಂ.ಡಿ. ಪ್ರಬಂಧ ಮತ್ತು ಸಮ್ಮೇಳನದ ಪೋಸ್ಟರ್. ಅರ್ಜಿಗಿಂತ ಮೊದಲು ಇವು ಬಯಲಿಗೆ ಬಂದರೆ ಹೊಸತನ ಹೋಯಿತು. ಕಲಂ 31ರ 12 ತಿಂಗಳ ರಿಯಾಯಿತಿ ಎಲ್ಲ ಪ್ರಕಟಣೆಗೂ ಸಿಗುವಂಥದ್ದಲ್ಲ, ಅದರ ಮೇಲೆ ಭರವಸೆ ಇಟ್ಟು ಕೂರಬೇಡಿ. ಪ್ರಬಂಧದ ದಿನಾಂಕ ಹತ್ತಿರವಿದ್ದರೆ ತಾತ್ಕಾಲಿಕ ವಿವರಣೆ ಹಾಕಿ, 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡಿ. ಆದರೆ ತಾತ್ಕಾಲಿಕದಲ್ಲಿ ಇಲ್ಲದ ಅಂಶಕ್ಕೆ ಆ ಹಳೆಯ ದಿನಾಂಕ ದಕ್ಕುವುದಿಲ್ಲ. ಫ್ಲ್ಯಾಶ್ ನಿಯಂತ್ರಣದ ಭಾಗ ಮೊದಲ ಕಾಗದದಲ್ಲೇ ಇರಲಿ.

ಖರ್ಚಿನ ಲೆಕ್ಕ ಸರಳ. ವ್ಯಕ್ತಿ, ಸ್ಟಾರ್ಟ್‌ಅಪ್, ಸಣ್ಣ ಉದ್ದಿಮೆ, ಶಿಕ್ಷಣ ಸಂಸ್ಥೆಗೆ ಆನ್‌ಲೈನ್ ಅರ್ಜಿ ಶುಲ್ಕ 1,600 ರೂಪಾಯಿ, ಉಳಿದವರಿಗೆ 8,000. ಮುಂದಿನವೂ ರಿಯಾಯಿತಿ ಇರುವವರ ದರಗಳೇ: ಪರಿಶೀಲನೆಗೆ ಫಾರ್ಮ್ 18ರಲ್ಲಿ 4,000, ತ್ವರಿತ ಪರಿಶೀಲನೆಗೆ ಫಾರ್ಮ್ 18ಎ ಮೂಲಕ 8,000. 10ಕ್ಕಿಂತ ಹೆಚ್ಚಿನ ಪ್ರತಿ ಕ್ಲೇಮಿಗೆ 320, 30 ಪುಟ ದಾಟಿದರೆ ಪುಟಕ್ಕೆ 160. ಸ್ಟಾರ್ಟ್‌ಅಪ್ ರಿಯಾಯಿತಿಗೆ ಫಾರ್ಮ್ 28 ಬೇಕು. 2024ರ ಮಾರ್ಚ್ 15ರ ನಂತರದ ಅರ್ಜಿಗಳಿಗೆ ಪರಿಶೀಲನೆಯ ಕೋರಿಕೆ 31 ತಿಂಗಳೊಳಗೆ ಹೋಗಬೇಕು. ಹಳೆಯ 48 ತಿಂಗಳ ಲೆಕ್ಕದಲ್ಲಿ ಕುಳಿತರೆ ಅರ್ಜಿಯೇ ಹಿಂತೆಗೆದುಕೊಂಡಂತೆ ಆಗುತ್ತದೆ.

ವಿದೇಶದ ಆಸೆ ಇದ್ದರೆ ಮೊದಲು ಭಾರತದಲ್ಲಿ ಹಾಕಿ 6 ವಾರ ಕಾಯಬೇಕು, ಇಲ್ಲವೇ ಫಾರ್ಮ್ 25ರಲ್ಲಿ ಅನುಮತಿ ಪಡೆಯಬೇಕು. ಅಮೆರಿಕದಲ್ಲಿ ಮೇಲ್ಮನವಿ ಕೋರ್ಟು 2025ರ ಏಪ್ರಿಲ್‌ನಲ್ಲಿ ರಿಸೆಂಟಿವ್ ಎಂಬ ಕಂಪನಿಯ ಪ್ರಕರಣದಲ್ಲಿ ಕೊಟ್ಟ ತೀರ್ಪು, ಇದ್ದ ಮೆಷಿನ್ ಲರ್ನಿಂಗನ್ನು ಹೊಸ ಬಗೆಯ ಡೇಟಾಕ್ಕೆ ಅನ್ವಯಿಸಿದರೆ ಸಾಲದು ಎಂದಿದೆ. ಯುರೋಪಿನಲ್ಲಿ ನಿಷೇಧ ಇರುವುದು ದೇಹದ ಮೇಲೆ ನಡೆಸುವ ರೋಗನಿರ್ಣಯ ವಿಧಾನಕ್ಕೆ ಮಾತ್ರ. ಚಿತ್ರ ಸಂಸ್ಕರಿಸುವ ಸಾಧನಕ್ಕೆ ಅಲ್ಲಿ ದಾರಿ ಸ್ವಲ್ಪ ಅಗಲ. ಮೇಲೆ ಬರೆದ ಸಾಧನದ ಕ್ಲೇಮಿಗೆ ಎರಡೂ ಕಡೆ ವಾದಿಸಲು ನೆಲೆ ಇರುತ್ತದೆ.

ಮೊದಲ ಪರಿಶೀಲನಾ ವರದಿಗೆ ಉತ್ತರಿಸಲು 6 ತಿಂಗಳಿದೆ, ಕೇಳಿಕೊಂಡರೆ ಇನ್ನೂ 3. ಉತ್ತರದಲ್ಲಿ ನಾನು ಕಾನೂನಿನ ಉಲ್ಲೇಖಕ್ಕಿಂತ ಮೊದಲು ಆ ಅಳತೆಯ ಕೋಷ್ಟಕ ಇಡುತ್ತೇನೆ, ಪಕ್ಕದಲ್ಲಿ ಅದು ವಿವರಣೆಯ ಯಾವ ಪ್ಯಾರಾದಲ್ಲಿದೆ ಎಂದು ಬರೆಯುತ್ತೇನೆ. ವಿಚಾರಣೆ ನಡೆದರೆ 15 ದಿನದೊಳಗೆ ಲಿಖಿತ ವಾದ ಸಲ್ಲಬೇಕು. ತಿರಸ್ಕೃತವಾದರೆ ಮೇಲ್ಮನವಿಗೆ 3 ತಿಂಗಳು. ಧಾರವಾಡದಲ್ಲಿ ಹೈಕೋರ್ಟ್ ಪೀಠ ಇದೆಯಲ್ಲ ಎಂದು ಹಲವರು ಕೇಳುತ್ತಾರೆ. ಅರ್ಜಿ ಯಾವ ಪೇಟೆಂಟ್ ಕಚೇರಿಯದೋ ಆ ಊರಿನ ಹೈಕೋರ್ಟಿಗೇ ಮೇಲ್ಮನವಿ ಹೋಗಬೇಕು ಎಂದು ದೆಹಲಿ ಹೈಕೋರ್ಟ್ 2022ರಲ್ಲಿ ಹೇಳಿದೆ. ಹಾಗಾಗಿ ನಮ್ಮ ಮೇಲ್ಮನವಿಗಳನ್ನು ಮದ್ರಾಸ್ ಹೈಕೋರ್ಟಿಗೆ ಎಂದೇ ಸಿದ್ಧಪಡಿಸುತ್ತೇನೆ.