ಮೆಟಫಿಸಿಕಲ್ ಪ್ರೇಮಕವಿತೆಯನ್ನು ಓದುವ ಬಗೆ

ಇಂಗ್ಲಿಷ್ ಕವಿ ಜಾನ್ ಡನ್‌ನ (1572–1631) ಪ್ರೇಮಕವಿತೆಗಳನ್ನು ಮೊದಲ ಸಲ ಓದುವವರು ತಬ್ಬಿಬ್ಬಾಗುವುದು ಸಹಜ. ಹವಳದ ತುಟಿ, ಗುಲಾಬಿಯ ಕೆನ್ನೆ ಎಂಬ ಸವೆದ ಹೋಲಿಕೆಗಳಿರಬೇಕಾದಲ್ಲಿ ಭೂಪಟ, ರಸವಿದ್ಯೆ, ಚಿಗಟ ಎದುರಾಗುತ್ತವೆ. ಡನ್‌ನಂಥವರ ಕವಿತೆಗೆ ಅಂಟಿಕೊಂಡ ‘ಮೆಟಫಿಸಿಕಲ್’ (ತತ್ತ್ವಮೀಮಾಂಸೆಯ) ಎಂಬ ಹೆಸರೂ ಹುಟ್ಟಿದ್ದು ಹೊಗಳಿಕೆಯಾಗಿ ಅಲ್ಲ. ಒಲುಮೆಯ ಮಾತಿನಿಂದ ಹೆಣ್ಣಿನ ಮನಸ್ಸನ್ನು ಗೆಲ್ಲಬೇಕಾದ ಕಡೆ ಡನ್ ತತ್ತ್ವಶಾಸ್ತ್ರದಿಂದ ಅವಳನ್ನು ಗೊಂದಲಕ್ಕೆ ಕೆಡವುತ್ತಾನೆ ಎಂದು 1693ರಲ್ಲಿ ಕವಿ ಜಾನ್ ಡ್ರೈಡನ್ ದೂರಿದ; 1779ರಲ್ಲಿ ವಿಮರ್ಶಕ ಸ್ಯಾಮ್ಯುಯೆಲ್ ಜಾನ್ಸನ್ ಇಂಥ ಕವಿಗಳನ್ನೆಲ್ಲ ಆ ಹೆಸರಿನಡಿ ಒಟ್ಟು ಸೇರಿಸಿದ.

ಮೊದಲಿಗೆ, ಆರಂಭದ ಸಾಲನ್ನು ಗಟ್ಟಿಯಾಗಿ ಓದಿ, ಯಾರು ಯಾರಿಗೆ ಹೇಳುತ್ತಿದ್ದಾರೆಂದು ಗೊತ್ತುಮಾಡಿಕೊಳ್ಳಿ. ‘ದಿ ಕ್ಯಾನನೈಸೇಷನ್’ ಕವಿತೆ ‘ದಮ್ಮಯ್ಯ, ಬಾಯಿ ಮುಚ್ಚಿಕೋ, ನನ್ನನ್ನು ಪ್ರೀತಿಸಲು ಬಿಡು’ ಎಂಬ ಧಾಟಿಯಲ್ಲಿ ಶುರುವಾಗುತ್ತದೆ. ‘ದಿ ಸನ್ ರೈಸಿಂಗ್’ನಲ್ಲಿ ಪರದೆಯೊಳಗೆ ಇಣುಕಿದ ಸೂರ್ಯನಿಗೇ ಬೈಗುಳ. ಲಯ ಒರಟಾಗಿ ಕೇಳಿಸಿದರೆ ಗಾಬರಿ ಬೇಡ, ಅದು ಜಗಳದ ದನಿಯನ್ನು ಹಿಡಿದಿರುವ ಲಯ.

ಎರಡನೆಯದಾಗಿ, ಕವಿತೆಯ ವಾದವನ್ನು ನಿಮ್ಮದೇ ಗದ್ಯದಲ್ಲಿ ಬರೆದುಕೊಳ್ಳಿ. ಇದೇ ಬಗೆಯ ಇನ್ನೊಬ್ಬ ಕವಿ ಆಂಡ್ರ್ಯೂ ಮಾರ್ವೆಲ್‌ನ ‘ಟು ಹಿಸ್ ಕಾಯ್ ಮಿಸ್ಟ್ರೆಸ್’ (ಪ್ರಕಟಣೆ 1681) ಇದಕ್ಕೆ ಒಳ್ಳೆಯ ಅಭ್ಯಾಸ. ಅದರಲ್ಲಿ ಒಲಿಯಲು ಹಿಂಜರಿಯುವ ಪ್ರೇಯಸಿಗೆ ಪ್ರೇಮಿಯ ವಾದ ಇಷ್ಟು: ಕಾಲ ಸಾಕಷ್ಟಿದ್ದಿದ್ದರೆ ನೀನು ಗಂಗೆಯ ದಡದಲ್ಲಿ ಮಾಣಿಕ್ಯ ಹುಡುಕುತ್ತಿರಬಹುದಿತ್ತು, ನಾನು ಹಂಬರ್ ನದಿಯ ಬಳಿ ಕೊರಗುತ್ತ ನಿನ್ನ ಕಣ್ಣುಗಳನ್ನು ಹೊಗಳಲು 100 ವರ್ಷ ತೆಗೆದುಕೊಳ್ಳಬಹುದಿತ್ತು; ಆದರೆ ಬೆನ್ನ ಹಿಂದೆ ಕಾಲದ ರಥ ಬರುತ್ತಿದೆ; ಆದ್ದರಿಂದ ಈಗಲೇ. ಈ ತರ್ಕವನ್ನು ಪೂರ್ತಿ ನಂಬಬೇಕಾಗಿಲ್ಲ. ಡನ್‌ನ ‘ದಿ ಫ್ಲೀ’ಯಲ್ಲಿ ಇಬ್ಬರನ್ನೂ ಕಚ್ಚಿದ ಚಿಗಟದೊಳಗೆ ನಮ್ಮ ರಕ್ತ ಬೆರೆತಿದೆ, ಅದೇ ನಮ್ಮ ಮದುವೆಯ ಹಾಸಿಗೆ, ಕೊಲ್ಲಬೇಡ ಎನ್ನುವ ಪ್ರೇಮಿ, ಅವಳು ಅದನ್ನು ಉಗುರಿನಲ್ಲಿ ಹೊಸಕಿದ ಕೂಡಲೇ, ನೋಡು, ನಿನಗೇನೂ ನಷ್ಟವಾಗಲಿಲ್ಲ, ನನಗೊಲಿದರೂ ಇಷ್ಟೇ ಎಂದು ಮಾತು ತಿರುಗಿಸುತ್ತಾನೆ. ಗೆದ್ದವಳು ಅವಳೇ ಎಂದು ನನಗನ್ನಿಸುತ್ತದೆ.

ಕೊನೆಗೆ ಕಾನ್ಸೀಟ್, ಅಂದರೆ ಸಂಬಂಧವೇ ಇಲ್ಲವೆನಿಸುವ ಎರಡು ವಸ್ತುಗಳನ್ನು ಜೋಡಿಸಿ, ಆ ಹೋಲಿಕೆಯನ್ನು ವಿವರ ವಿವರವಾಗಿ ಬೆಳೆಸುವ ರೂಪಕ. ‘ಎ ವ್ಯಾಲಿಡಿಕ್ಷನ್: ಫರ್ಬಿಡಿಂಗ್ ಮೋರ್ನಿಂಗ್’ ಓದುವಾಗ ಮಕ್ಕಳ ಜಾಮಿಟ್ರಿ ಬಾಕ್ಸಿನಿಂದ ಕೈವಾರವೊಂದನ್ನು ತೆಗೆದಿಟ್ಟುಕೊಳ್ಳಿ. ಪ್ರಯಾಣ ಹೊರಟ ಪ್ರೇಮಿ, ಅಗಲುವ ನಮ್ಮ ಆತ್ಮಗಳು ಕೈವಾರದ ಎರಡು ಕಾಲುಗಳು ಎನ್ನುತ್ತಾನೆ. ಮೊಳೆಯ ಕಾಲನ್ನು ಕಾಗದದಲ್ಲಿ ಊರಿ ಇನ್ನೊಂದನ್ನು ದೂರಕ್ಕೆ ಎಳೆಯಿರಿ: ನಿಂತ ಕಾಲು ಸ್ಥಳ ಬಿಡದೆಯೇ ಅದರತ್ತ ಬಾಗುತ್ತದೆ. ಹತ್ತಿರ ತನ್ನಿ, ನೆಟ್ಟಗಾಗುತ್ತದೆ. ಮನೆಯಲ್ಲಿ ಉಳಿದವಳು ಸುಮ್ಮನೆ ಕುಳಿತಿಲ್ಲ, ಅವನ ದೂರಕ್ಕೆ ತಕ್ಕಂತೆ ವಾಲುತ್ತಿದ್ದಾಳೆ ಎಂಬ ಮಾತನ್ನು ಡನ್ ಅಳುವಿಲ್ಲದೆ, ಉಪಕರಣದ ಚಲನೆಯಲ್ಲಿಯೇ ಹೇಳಿಬಿಟ್ಟಿದ್ದಾನೆ. ಇನ್ನು ವೃತ್ತವನ್ನೂ ಎಳೆಯಿರಿ. ಕಾಲುಗಳನ್ನು ಮಡಿಸಿದಾಗ ಪಯಣಿಗ ಮನೆ ಸೇರುತ್ತಾನೆ. ವೃತ್ತ ಮುಗಿದಾಗ ಹೊರಟ ಬಿಂದುವಿಗೆ ಬರುತ್ತಾನೆ, ಆದರೆ ನಡುವಿನ ಮೊಳೆಯಿಂದ ಅಷ್ಟೇ ದೂರದಲ್ಲಿರುತ್ತಾನೆ. ಕವಿತೆ ಈ ಎರಡನ್ನೂ ಹೇಳುತ್ತದೆ, ಮತ್ತು ಮುಗಿಯುವುದು ಎರಡನೆಯದರಲ್ಲಿ.