ಅಮ್ಮನ ಮಣೆ ಕಲಿಸಿದ ಅಳತೆ

ನಾನು ಓದಿದ್ದು ಬಿ.ಕಾಂ. ದಾವಣಗೆರೆಯಲ್ಲಿ ಲೆಕ್ಕಪತ್ರದ ಕೆಲಸ. ಮನೆಗಳ ಒಳಾಂಗಣ ವಿನ್ಯಾಸ ಕಲಿಯಬೇಕು ಅನ್ನೋ ಆಸೆ ಬಹಳ ದಿನದ್ದು. ಕೆಲಸ ಬಿಟ್ಟು ಕಾಲೇಜಿಗೆ ಹೋಗುವ ಹಾಗಿರಲಿಲ್ಲ. ಹಾಗಾಗಿ ಆನ್‌ಲೈನ್ ಹಿಡಿದೆ, ದಿನಾ ರಾತ್ರಿ ಊಟ ಆದ ಮೇಲೆ ಒಂದೂವರೆ ಗಂಟೆ.

ಮೊದಲು ದುಡ್ಡು ಕೊಟ್ಟು ಸೇರಿದ ಕೋರ್ಸ್ ಬರೀ ಚಂದದ ತ್ರೀಡಿ ಚಿತ್ರ ಮಾಡೋದನ್ನ ಹೇಳಿಕೊಟ್ಟಿತು. ಸೋಫಾ ಎಳೆದು ತಂದು ಇಡು, ಬಣ್ಣ ಹಚ್ಚು, ಲೈಟ್ ಹಾಕು, ಅಷ್ಟೇ. ಆ ಸೋಫಾದ ಮುಂದೆ ಒಬ್ಬರು ನಡೆದು ಹೋಗಲು ಎಷ್ಟು ಜಾಗ ಬೇಕು ಅಂತ ಎರಡು ತಿಂಗಳಲ್ಲಿ ಯಾರೂ ಹೇಳಲಿಲ್ಲ. ನನಗೆ ಬೇಕಾಗಿದ್ದು ಅದು. ಬಿಟ್ಟು ಬೇರೆ ಕಡೆ ಸೇರಿದೆ. ಅಲ್ಲಿ ಮೊದಲ ವಾರವೇ ಟೇಪು ಹಿಡಿದು ಸ್ವಂತ ಮನೆ ಅಳೆಯಲು ಹೇಳಿದರು.

ಅಳೆದ ಮನೆಯ ನಕ್ಷೆಯನ್ನ 1:50 ಅಳತೆಯಲ್ಲಿ, ಅಂದರೆ ನಿಜದ ಐವತ್ತರಲ್ಲಿ ಒಂದು ಪಾಲಿಗೆ ಇಳಿಸಿ, ಗ್ರಾಫ್ ಕಾಗದದ ಮೇಲೆ ಬರೆದೆ. ಹತ್ತು ಅಡಿ ಗೋಡೆ ಕಾಗದದಲ್ಲಿ ಆರು ಸೆಂಟಿಮೀಟರ್ ಚಿಲ್ಲರೆ. ಮೊದಲು ಕೈಯಲ್ಲಿ ಬರೆದಿದ್ದು ಒಳ್ಳೆಯದೇ ಆಯಿತು. ಆಮೇಲೆ ತ್ರೀಡಿ ನಕ್ಷೆ ಮಾಡುವ ಸ್ಕೆಚ್‌ಅಪ್ ಸಾಫ್ಟ್‌ವೇರ್‌ನ ಉಚಿತ ಆವೃತ್ತಿ ಬ್ರೌಸರ್‌ನಲ್ಲೇ ತೆರೆದುಕೊಂಡಾಗ, ಯಾವ ಗೆರೆ ಯಾಕೆ ಅನ್ನೋದು ಗೊತ್ತಿತ್ತು.

ಅಳತೆಯಲ್ಲಿ ನಾನು ಪೆಟ್ಟು ತಿಂದಿದ್ದು ರೂಮಿನ ವಾರ್ಡ್‌ರೋಬ್‌ನಲ್ಲಿ. ಗೋಡೆಯಿಂದ ಗೋಡೆಗೆ ನೆಲದ ಹತ್ತಿರ ಒಂದೇ ಸಲ ಅಳೆದಿದ್ದೆ, 7 ಅಡಿ 4 ಇಂಚು. ಕಾರ್ಪೆಂಟರ್ ಅಣ್ಣ ಬಂದು ಸೊಂಟದ ಎತ್ತರದಲ್ಲಿ ಒಮ್ಮೆ, ಮೇಲೆ ಒಮ್ಮೆ ಟೇಪು ಹಿಡಿದರು. ಮೇಲೆ ಒಂದೂವರೆ ಇಂಚು ಕಡಿಮೆ! "ಗಾರೆ ಎಲ್ಲಾ ಕಡೆ ಒಂದೇ ಸಮ ಇರಲ್ಲ ತಂಗೀ, ಮೂರು ಕಡೆ ಅಳೀರಿ, ಚಿಕ್ಕದನ್ನ ಹಿಡೀರಿ" ಅಂದರು. ಪ್ಲೈವುಡ್ ಇನ್ನೂ ಕತ್ತರಿಸಿರಲಿಲ್ಲ, ಬಚಾವಾದೆ. 8 ಅಡಿಗೆ 4 ಅಡಿಯ ಶೀಟಿನಲ್ಲಿ ಎಷ್ಟು ತುಂಡು ಬರುತ್ತೆ ಅಂತ ಮೊದಲೇ ಕಾಗದದ ಮೇಲೆ ಜೋಡಿಸಿ ನೋಡೋದನ್ನೂ ಅವರ ಹತ್ತಿರವೇ ಕಲಿತೆ.

ಆದರೆ ನನ್ನ ಕಣ್ಣು ತೆರೆಸಿದ್ದು ಅಡುಗೆಮನೆ. ಪಾಠದಲ್ಲಿ ಫ್ರಾಂಕ್‌ಫರ್ಟ್ ಕಿಚನ್ ಬಗ್ಗೆ ಹೇಳಿದ್ದರು. 1926ರಲ್ಲಿ ಆಸ್ಟ್ರಿಯಾದ ಮಾರ್ಗರೇಟೆ ಶುಟ್ಟೆ-ಲಿಹೋಟ್ಸ್ಕಿ ಎಂಬ ವಾಸ್ತುಶಿಲ್ಪಿ ಮಾಡಿದ ವಿನ್ಯಾಸ ಅದು. ಸುಮಾರು 1.9 ಮೀಟರ್‌ಗೆ 3.4 ಮೀಟರ್, ಅಷ್ಟು ಪುಟ್ಟ ಜಾಗ. ಅಡುಗೆ ಮಾಡುವವರು ಸುಮ್ನೆ ಓಡಾಡಬಾರದು ಅಂತ ಹೆಜ್ಜೆಗಳ ಲೆಕ್ಕ ಹಾಕಿ ಜೋಡಿಸಿದ್ದು. ನಮ್ಮ ಮನೆಯಲ್ಲೂ ಹಾಗೆ ನೋಡೋಣ ಅಂತ ಒಂದು ಭಾನುವಾರ ಬೆಳಗ್ಗೆ ಬಾಗಿಲ ಬಳಿ ಸ್ಟೂಲ್ ಹಾಕಿಕೊಂಡು ಕೂತೆ. ಕೈಯಲ್ಲಿ ಅಡುಗೆಮನೆಯ ನಕ್ಷೆ. ಅಮ್ಮ ಎಲ್ಲಿಂದ ಎಲ್ಲಿಗೆ ಹೋದರೂ ಪೆನ್ಸಿಲ್‌ನಲ್ಲಿ ಗೆರೆ ಎಳೆಯುತ್ತಾ ಹೋದೆ.

ಜೋಳದ ಹಿಟ್ಟು ಕಲಸಿ ಇಟ್ಟ ಮೇಲೆ ಅಮ್ಮ ಫ್ರಿಜ್ ಹಿಂದಿನಿಂದ ಹಳೇ ಊಟದ ಮಣೆ ತೆಗೆದು ಕಟ್ಟೆಯ ಮುಂದೆ ಇಟ್ಟರು. ಅದರ ಮೇಲೆ ಹತ್ತಿ ನಿಂತು ರೊಟ್ಟಿ ಬಡಿಯಲು ಶುರು ಮಾಡಿದರು.

ವರ್ಷಗಳಿಂದ ನಾನು ಅದನ್ನ ನೋಡಿದ್ದೇನೆ. ಯಾಕೆ ಅಂತ ಕೇಳಿರಲಿಲ್ಲ. ಅವತ್ತು ಕೇಳಿದೆ. "ಕಟ್ಟೆ ಎತ್ತರ ಆಗತ್ತಲ್ಲೇ, ಭುಜ ಹಿಡ್ಕೊಳತ್ತೆ. ಮೇಲಿಂದ ಭಾರ ಬಿದ್ರೆ ತಾನೇ ರೊಟ್ಟಿ ತೆಳ್ಳಗೆ ಆಗೋದು" ಅಂದರು.

ಟೇಪು ತಂದೆ. ಕಟ್ಟೆ 34 ಇಂಚು. ಮಣೆ ಎರಡೂವರೆ. ಅಮ್ಮನ ಎತ್ತರ 4 ಅಡಿ 11 ಇಂಚು, ನೆಲದಿಂದ ಮೊಣಕೈಗೆ 37. ಮೊಣಕೈಗಿಂತ ನಾಲ್ಕರಿಂದ ಆರು ಇಂಚು ಕೆಳಗೆ ಕಟ್ಟೆ ಇರಬೇಕು, ಒತ್ತಿ ಮಾಡುವ ಕೆಲಸಕ್ಕೆ ಇನ್ನೂ ಕೆಳಗಿದ್ದರೂ ಒಳ್ಳೆಯದು ಅಂತ ಪಾಠದಲ್ಲಿತ್ತು. ಮಣೆ ಹತ್ತಿದಾಗ ಅಮ್ಮನಿಗೆ ಸಿಗುತ್ತಿದ್ದುದು ಮೂವತ್ತೊಂದೂವರೆ. ಲೆಕ್ಕ ಸರಿಯಾಗಿ ಕೂತಿತು. ಅಮ್ಮ ಯಾವ ಕೋರ್ಸೂ ಇಲ್ಲದೆ ಅದನ್ನ ಕಂಡುಕೊಂಡಿದ್ದರು. ನಿಜ ಹೇಳಬೇಕೆಂದರೆ, ಆ ಕ್ಷಣ ನನಗೆ ಗಂಟಲು ಕಟ್ಟಿತು.

ಇನ್ನೊಂದು ವಿಷಯ. ವಿದೇಶಿ ಪಾಠಗಳಲ್ಲಿ ಕಟ್ಟೆ 36 ಇಂಚು ಅಂತಾರೆ. ಅಲ್ಲಿ ಒಲೆಯನ್ನು ಕಟ್ಟೆಯೊಳಗೇ ಇಳಿಸಿರುತ್ತಾರೆ. ನಮ್ಮಲ್ಲಿ ಸ್ಟವ್ ಕಟ್ಟೆಯ ಮೇಲೆ ಕೂರುತ್ತೆ, ಅದರ ಮೇಲೆ ಐದು ಲೀಟರ್ ಕುಕ್ಕರ್. ಗಿಡ್ಡ ಇದ್ದವರು ಒಳಗೆ ಇಣುಕಿ ನೋಡೋದೇ ಕಷ್ಟ, ಅಲ್ವಾ? ಆ 36ನ್ನ ಹಾಗೇ ಎತ್ತಿ ನಮ್ಮ ಮನೆಗೆ ಹಾಕಬೇಡಿ.

ಇಡೀ ಕಟ್ಟೆ ಒಡೆಯುವಷ್ಟು ದುಡ್ಡಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಸ್ಟವ್ ಪಕ್ಕ ಕಟ್ಟೆ ಮುಗಿಯುವ ಕಡೆ ಅಕ್ಕಿ ಡ್ರಮ್ ಇತ್ತು. ಅದನ್ನ ಎತ್ತಿಸಿ, ಎರಡಡಿ ಅಗಲದ ಗ್ರಾನೈಟ್ ತುಂಡನ್ನು ಮೂವತ್ತೊಂದೂವರೆ ಇಂಚಿಗೆ ಕೂರಿಸಿದೆವು. ಬಡಿಯುವಾಗ ಅಲುಗಬಾರದು ಅಂತ ಕೆಳಗೆ ಇಟ್ಟಿಗೆ ಕಟ್ಟಿಸಿದೆ. ರೊಟ್ಟಿ ಬಡಿದು ಹಾಗೇ ಬಲಕ್ಕೆ ತಿರುಗಿದರೆ ಹಂಚು. ಮೊದಲ ದಿನ ಅಮ್ಮ ಹನ್ನೆರಡು ರೊಟ್ಟಿ ಮಾಡಿ, ಏನೂ ಹೇಳದೆ ಮಣೆಯನ್ನ ತೊಳೆದು ಒರೆಸಿ ದೇವರ ಮನೆಯಲ್ಲಿಟ್ಟರು.

ಮೊನ್ನೆ ಹರಿಹರದಿಂದ ಚಿಕ್ಕಮ್ಮ ಫೋನ್ ಮಾಡಿದ್ದರು, ಅವರ ಅಡುಗೆಮನೆಗೂ ನಕ್ಷೆ ಬೇಕಂತೆ. ಯಾವ ಬಣ್ಣ ಅಂತ ಕೇಳುತ್ತಿದ್ದರು. ನಾನು, "ಚಿಕ್ಕಮ್ಮ, ಮೊದಲು ಗೋಡೆಗೆ ಒರಗಿ ನಿಂತು ನಿಮ್ಮ ಮೊಣಕೈ ಎತ್ತರ ಅಳೆದು ಕಳಿಸಿ" ಅಂದಿದ್ದೇನೆ.